ಚಿಕೂನ್‌ಗುನ್ಯಾ ಮತ್ತು ದೀರ್ಘಕಾಲಿಕ ಕೀಲುರೋಗ: ಪುಣೆಯ ಅಧ್ಯಯನಗಳು

ಚಿಕೂನ್‌ಗುನ್ಯಾ ಎಂಬುದು ಈಡಿಸ್ ಸೊಳ್ಳೆಗಳ ಮೂಲಕ ಹರಡುವ ವೈರಸ್ ಜ್ವರ. ಜ್ವರ ಸಾಮಾನ್ಯವಾಗಿ ವಾರದೊಳಗೆ ಇಳಿದರೂ ಮಣಿಕಟ್ಟು, ಬೆರಳು, ಮೊಣಕಾಲುಗಳ ನೋವು ಮತ್ತು ಬಾವು ಕೆಲವರನ್ನು ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ ಕಾಡುತ್ತವೆ. ಭಾರತದಲ್ಲಿ ಈ ರೋಗದ ಅಧ್ಯಯನಕ್ಕೆ ಪುಣೆ ಮುಖ್ಯ ಕೇಂದ್ರವಾದರೂ, ಜ್ವರಕ್ಕೆ ದೊರೆತ ಗಮನ ಅದರ ಬೆನ್ನಿಗೆ ಬರುವ ಕೀಲುರೋಗಕ್ಕೆ ಬಹುಕಾಲ ದೊರೆಯಲಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಕ್‌ಫೆಲರ್ ಪ್ರತಿಷ್ಠಾನಗಳು 1952ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ ವೈರಸ್ ಸಂಶೋಧನಾ ಕೇಂದ್ರವು 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಕಾಯಿಲೆಯ ವೈರಸ್ಸನ್ನು ಪತ್ತೆಹಚ್ಚಿ ಹೆಸರಾಗಿತ್ತು. 1978ರಲ್ಲಿ ಅದಕ್ಕೆ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆ ಎಂಬ ಹೆಸರು ಬಂತು. ಚಿಕೂನ್‌ಗುನ್ಯಾ 1963ರಲ್ಲಿ ಕೋಲ್ಕತ್ತದಲ್ಲಿ ಕಾಣಿಸಿಕೊಂಡು, ಮುಂದೆ ಚೆನ್ನೈ ಮುಂತಾದ ಊರುಗಳಿಗೆ ಹಬ್ಬಿ, 1973ರಲ್ಲಿ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ಉಲ್ಬಣಿಸಿದ ಬಳಿಕ ಸುಮಾರು ಮೂರು ದಶಕ ದೊಡ್ಡ ಪ್ರಮಾಣದಲ್ಲಿ ತಲೆಯೆತ್ತಲಿಲ್ಲ.

2005ರ ಕೊನೆಯಲ್ಲಿ ಅದು ಮರಳಿದಾಗ, ಹಿಂದಿನ ಏಷ್ಯಾ ತಳಿಯ ಬದಲು ಆಫ್ರಿಕಾ ಮೂಲದ ತಳಿ ಹರಡುತ್ತಿದೆಯೆಂದು ಪುಣೆಯ ಸಂಸ್ಥೆಯ ವಿಜ್ಞಾನಿಗಳು ತೋರಿಸಿದರು. 2006ರಲ್ಲಿ ದೇಶದಲ್ಲಿ ವರದಿಯಾದ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳಲ್ಲಿ ಏಳೂವರೆ ಲಕ್ಷದಷ್ಟು ಕರ್ನಾಟಕದವೇ ಆಗಿದ್ದವು. ಈ ಲೆಕ್ಕ ಜ್ವರ ಬಂದವರದು. ಜ್ವರ ಇಳಿದ ಮೇಲೂ ಬೆಳಗ್ಗೆ ಎದ್ದಾಗ ಬೆರಳು ಮಡಚಲಾಗದೆ, ಕುಡುಗೋಲು ಹಿಡಿಯಲಾಗದೆ ಕೂಲಿ ಕಳೆದುಕೊಂಡವರು ಅದರಲ್ಲಿ ಬೇರೆಯಾಗಿ ಕಾಣುವುದಿಲ್ಲ.

ಈ ಉಪೇಕ್ಷೆಗೆ ಪರೀಕ್ಷೆಯ ಮಿತಿಯೂ ಕಾರಣ. ರಕ್ತದಲ್ಲಿ ವೈರಸ್ಸಿನ ತಳಿದ್ರವ್ಯವನ್ನು ನೇರವಾಗಿ ಗುರುತಿಸುವ ಪಿಸಿಆರ್ ಪರೀಕ್ಷೆ ಮೊದಲ ವಾರದಲ್ಲಷ್ಟೇ ಹೆಚ್ಚು ಉಪಯುಕ್ತ. ಆ ಬಳಿಕ ಐಜಿಎಂ ಪ್ರತಿಕಾಯವನ್ನು, ಅಂದರೆ ಸೋಂಕಿಗೆ ಪ್ರತಿಯಾಗಿ ದೇಹವು ಮೊದಲು ತಯಾರಿಸುವ ರಕ್ಷಕ ಪ್ರೋಟೀನನ್ನು, ಹುಡುಕಬೇಕಾಗುತ್ತದೆ. ಅದೂ ಕ್ರಮೇಣ ಕುಗ್ಗುವುದರಿಂದ ತಡವಾಗಿ ಬಂದ ರೋಗಿಯ ಬಾವನ್ನು ಸಂಧಿವಾತದಿಂದ ಬೇರ್ಪಡಿಸುವುದು ಕಷ್ಟವಾಗುತ್ತದೆ. ರೀಯೂನಿಯನ್ ದ್ವೀಪದ ರೋಗಿಯೊಬ್ಬರ ಕೀಲಿನ ಒಳಪೊರೆಯಲ್ಲಿ ಸೋಂಕಾದ 18 ತಿಂಗಳ ಬಳಿಕವೂ ವೈರಸ್ಸಿನ ಆರ್‌ಎನ್‌ಎ ಉಳಿದಿದ್ದುದು 2010ರಲ್ಲಿ ಪ್ರಕಟವಾಯಿತು. ಆದರೆ ನೋವು ಮುಂದುವರಿಯಲು ಈ ಶೇಷವೇ ಕಾರಣವೋ, ಶಮನವಾಗದ ರೋಗನಿರೋಧಕ ಪ್ರತಿಕ್ರಿಯೆ ಕಾರಣವೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಈ ಕೊರತೆಯನ್ನು ತುಂಬುವ ಕೆಲಸದಲ್ಲಿ ಪುಣೆಯ ಸಂಧಿವಾತ ತಜ್ಞರ ಪಾಲು ದೊಡ್ಡದು. ಅರವಿಂದ ಚೋಪ್ರಾ ಮತ್ತು ಸಂಗಡಿಗರು ಸಾಂಕ್ರಾಮಿಕದ ನಂತರ ಗ್ರಾಮೀಣರಲ್ಲಿ ಉಳಿದ ಕೀಲುನೋವನ್ನು ಅಧ್ಯಯನ ಮಾಡಿದರು. ಆಗ ವ್ಯಾಪಕ ಬಳಕೆಯಲ್ಲಿದ್ದ ಕ್ಲೋರೋಕ್ವಿನ್ ಔಷಧವನ್ನು ನೋವುನಿವಾರಕ ಮೆಲಾಕ್ಸಿಕ್ಯಾಮ್‌ನೊಂದಿಗೆ 24 ವಾರ ಹೋಲಿಸಿ, ಅದರಿಂದ ಗಣನೀಯ ಹೆಚ್ಚುವರಿ ಲಾಭವಿಲ್ಲವೆಂದು 2014ರಲ್ಲಿ ವರದಿ ಮಾಡಿದರು. ಈ ವೈರಸ್ಸಿಗೆಂದೇ ಮೀಸಲಾದ ಔಷಧ ಇಲ್ಲದಿರುವುದರಿಂದ ನೋವುಶಮನ, ವ್ಯಾಯಾಮ ಮತ್ತು ಬಾವು ಮುಂದುವರಿದವರಲ್ಲಿ ಸಂಧಿವಾತದ ಔಷಧಗಳೇ ಚಿಕಿತ್ಸೆಯ ಆಧಾರವಾಗಿವೆ. ರಾಷ್ಟ್ರೀಯ ವಾರ್ಷಿಕ ಅಂಕಿಅಂಶಗಳು ಮಾತ್ರ ಶಂಕಿತ ಮತ್ತು ದೃಢಪಟ್ಟ ಪ್ರಕರಣಗಳಿಗೇ ಸೀಮಿತವಾಗಿದ್ದು, ದೀರ್ಘಕಾಲಿಕ ಕೀಲುರೋಗದ ಹೊರೆಯನ್ನು ತಿಳಿಯಲು ಇಂತಹ ಅನುಸರಣಾ ಅಧ್ಯಯನಗಳನ್ನೇ ಅವಲಂಬಿಸಬೇಕಾಗಿದೆ.