ಕಣ್ಣಳತೆಯ ಕಾವು

ಉಕ್ಕಿನ ಹೊರಮೈಯನ್ನು ಕಂಡು ಅದರ ಒಳಗುಣವನ್ನು ಅಳೆಯಬಹುದೇ? ಅಮೆರಿಕದ ಮೆಸಾಚುಸೆಟ್ಸ್ ರಾಜ್ಯದಲ್ಲಿದ್ದ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದ ಚರಿತ್ರೆಯಲ್ಲಿ ಈ ಪ್ರಶ್ನೆಗೆ ಕಹಿಯಾದ ಉತ್ತರವೊಂದಿದೆ.

ಅಲ್ಲಿ ತಯಾರಾಗುತ್ತಿದ್ದ 1903ರ ಮಾದರಿಯ ರೈಫಲ್ಲಿನ ನಳಿಗೆಯ ಬುಡವು ‘ರಿಸೀವರ್’ ಎಂಬ ಉಕ್ಕಿನ ಗೂಡಿಗೆ ತಿರುಪಿನಿಂದ ಬಿಗಿಯಲ್ಪಡುತ್ತದೆ. ಗುಂಡು ಹಾರುವಾಗಿನ ಒತ್ತಡವನ್ನು ತಡೆಯುವುದು ಈ ಗೂಡು. ಇಂಗಾಲ ಕಡಿಮೆಯಿರುವ ಉಕ್ಕಿನ ಈ ಭಾಗವನ್ನು ಮೂಳೆಯ ಇದ್ದಿಲಿನೊಡನೆ ಪೆಟ್ಟಿಗೆಯಲ್ಲಿ ತುಂಬಿ, ಸುಮಾರು 815 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗಟ್ಟಲೆ ಕಾಯಿಸಿ, ಎಣ್ಣೆಯಲ್ಲಿ ಅದ್ದುತ್ತಿದ್ದರು. ಕಾವನ್ನು ನಿರ್ಣಯಿಸುತ್ತಿದ್ದವರು ನುರಿತ ಕೆಲಸಗಾರರು. ಅವರ ಉಪಕರಣ ಕಣ್ಣೊಂದೇ.

ಕಣ್ಣು ಬೆಳಕಿನ ಆಳು. ನಮ್ಮ ಹಳ್ಳಿಗಳ ಕಮ್ಮಾರಸಾಲೆ ಮಬ್ಬುಗತ್ತಲಲ್ಲಿ ಇರುತ್ತಿದ್ದುದು ಸುಮ್ಮನೆ ಅಲ್ಲ! ಪ್ರಖರ ಬಿಸಿಲಿನಲ್ಲಿ ಕೆಂಡದ ಬಣ್ಣ ಮಂಕಾಗಿ ಕಾಣುತ್ತದೆ. ಕೆಲಸಗಾರ ಇನ್ನಷ್ಟು ಕಾಯಿಸುತ್ತಾನೆ. 1917ರಲ್ಲಿ ಕೆಲವು ರೈಫಲ್ಲುಗಳು ಸಿಡಿದಾಗ ವಿಚಾರಣೆ ನಡೆದು, ಉಷ್ಣಮಾಪಕಗಳನ್ನಿಟ್ಟು ನೋಡಿದರು. ಮೋಡ ಕವಿದ ದಿನಕ್ಕೂ ಬಿಸಿಲಿನ ದಿನಕ್ಕೂ ‘ಸರಿಯಾದ ಕಾವು’ 165 ಡಿಗ್ರಿ ಸೆಲ್ಸಿಯಸ್‌ನಷ್ಟು ವ್ಯತ್ಯಾಸವಾಗುತ್ತಿತ್ತು. ಅತಿಯಾಗಿ ಕಾದ ಉಕ್ಕು ಗಾಜಿನಂತೆ ಪೆಡಸಾಗಿ, ಸುತ್ತಿಗೆಯ ಏಟಿಗೇ ಚೂರಾಗುತ್ತಿತ್ತು. ತೋಟೆಯ ಹಿತ್ತಾಳೆ ಮೆದುವಾಗಿ ಅನಿಲ ಹಿಂದಕ್ಕೆ ನುಗ್ಗಿದರಂತೂ ಅದು ತಾಳುತ್ತಿರಲಿಲ್ಲ.

1918ರಲ್ಲಿ ಎರಡು ಬಾರಿ ಕಾಯಿಸಿ ಹದ ಕೊಡುವ ವಿಧಾನ ಬಂದಿತು: ಹೊರಮೈ ಗಡುಸು, ಒಳತಿರುಳು ಜಿಗುಟು. ಹೊರಲೇಪದಲ್ಲಿಯೂ ಆಗಲೇ ಬದಲಾವಣೆಯಾಯಿತು. ನೀಲಿಗಪ್ಪು ಹೊಳಪಿನ ಬದಲಿಗೆ ತುಕ್ಕನ್ನು ತಡೆಯುವ ಬೂದುಬಣ್ಣದ ಫಾಸ್ಫೇಟ್ ಲೇಪ, ಅಂದರೆ ಪಾರ್ಕರೈಸಿಂಗ್. ಆದರೆ ಹಳೆಯ ರೈಫಲ್ಲುಗಳನ್ನು ಪತ್ತೆ ಮಾಡುವುದು ಹೇಗೆ? ಸುಟ್ಟ ಉಕ್ಕೂ ಹದವಾದ ಉಕ್ಕೂ ಲೇಪದಡಿಯಲ್ಲಿ ಒಂದೇ ರೂಪ. ಆದ್ದರಿಂದ ಕ್ರಮಸಂಖ್ಯೆಯೇ ಗಡಿಯಾಯಿತು: ಸ್ಪ್ರಿಂಗ್‌ಫೀಲ್ಡ್‌ನಲ್ಲಿ 8,00,000, ರಾಕ್ ಐಲೆಂಡ್ ಶಸ್ತ್ರಾಗಾರದಲ್ಲಿ 2,85,507. ಅದಕ್ಕಿಂತ ಕಡಿಮೆ ಸಂಖ್ಯೆಯವೆಲ್ಲ ಶಂಕಿತ.

ಸೇನಾಧಿಕಾರಿ ಜೂಲಿಯನ್ ಹ್ಯಾಚರ್ 1947ರ ತಮ್ಮ ಗ್ರಂಥದಲ್ಲಿ 1917ರಿಂದ 1929ರವರೆಗೆ ಸಿಡಿದ 68 ರೈಫಲ್ಲುಗಳ ಪಟ್ಟಿ ಕೊಟ್ಟಿದ್ದಾರೆ. ಒಟ್ಟು ತಯಾರಾದ ಹತ್ತು ಲಕ್ಷಕ್ಕೆ ಇದು ಅಲ್ಪವೆನ್ನುವವರುಂಟು. ಗಾಯಗೊಂಡವರಲ್ಲಿ ಕಣ್ಣು ಕಳೆದುಕೊಂಡವರೂ ಇದ್ದರೆಂಬುದನ್ನು ಓದಿದ ಮೇಲೆ ಆ ಲೆಕ್ಕಾಚಾರ ನನಗೆ ರುಚಿಸಲಿಲ್ಲ. ಆದರೂ ಅವೆಲ್ಲವನ್ನೂ ಒಮ್ಮೆಲೇ ನಾಶಮಾಡಲಿಲ್ಲ. ಯುದ್ಧಕಾಲದ ಮೀಸಲೆಂದು ಉಗ್ರಾಣದಲ್ಲಿಟ್ಟರು.