ಸೊಂಟದ ಬಾಗು: ವಯಸ್ಸು, ಲಿಂಗ ಮತ್ತು ದುಡಿಮೆ

ಕಂಪ್ಲಿಯ ಗದ್ದೆಗಳಲ್ಲಿ ಭತ್ತದ ನಾಟಿ ಹೆಚ್ಚಾಗಿ ಹೆಂಗಸರ ಕೆಲಸ. ಸಂಡೂರಿನ ಅದಿರು ಲಾರಿಗಳ ಚಾಲಕರು ಗಂಡಸರು. ಇಂಥ ಸೀಮೆಯಲ್ಲಿ ಕೆಳಬೆನ್ನಿನ ಒಳಬಾಗನ್ನು, ಅಂದರೆ ಲಾರ್ಡೋಸಿಸ್ ಅನ್ನು, ವಯಸ್ಸು ಮತ್ತು ಲಿಂಗದ ಪ್ರಕಾರ ಮಾತ್ರ ವಿಂಗಡಿಸಿದರೆ ದುಡಿಮೆಯ ಪರಿಣಾಮವೂ ಲಿಂಗದ ಖಾತೆಗೇ ಜಮೆಯಾಗುತ್ತದೆ.

ನವಜಾತ ಶಿಶುವಿನ ಬೆನ್ನು ಬಹುಮಟ್ಟಿಗೆ ಒಂದೇ ಹಿಂಬಾಗು. ಕೂಸು ನಿಂತು ನಡೆಯತೊಡಗಿದಂತೆ ಸೊಂಟ ಒಳಬಾಗುತ್ತದೆ. ಬೆಳವಣಿಗೆ ಮುಗಿಯುವ ತನಕ ಈ ಬಾಗು ಹೆಚ್ಚುತ್ತದೆ. ವಯಸ್ಕರಲ್ಲಿ ಮೊದಲ ಕಟಿ ಕಶೇರುವಿನಿಂದ ತ್ರಿಕಾಸ್ಥಿಯವರೆಗೆ ಎಕ್ಸ್‌ರೇಯಲ್ಲಿ ಈ ಬಾಗನ್ನು ಅಳೆಯುವ ಕಾಬ್ ಕೋನ ಸಾಮಾನ್ಯವಾಗಿ 40ರಿಂದ 60 ಡಿಗ್ರಿ. ಆರೋಗ್ಯವಂತರಲ್ಲೂ ಇದರ ಆಚೀಚೆ ಇರುವವರು ಕಡಿಮೆಯಿಲ್ಲ. ಈ ಬಾಗಿನ ಸುಮಾರು ಮೂರನೇ ಎರಡು ಪಾಲು ಕೊನೆಯ ಎರಡು ಕಶೇರು, ಡಿಸ್ಕುಗಳಲ್ಲೇ ಇದೆ.

ಹೆಂಗಸರಲ್ಲಿ ಬಾಗು ಹೆಚ್ಚು ಎಂಬ ಮಾತಿಗೆ ಎಕ್ಸ್‌ರೇ ಅಧ್ಯಯನಗಳೆಲ್ಲ ಒಪ್ಪುವುದಿಲ್ಲ. ಕೆಲವು ವ್ಯತ್ಯಾಸವನ್ನೇ ಕಂಡಿಲ್ಲ. ಪೃಷ್ಠದ ಉಬ್ಬು ಹೊರನೋಟವನ್ನು ದಾರಿ ತಪ್ಪಿಸುತ್ತದೆ. ಎಲುಬಿನ ಸಾಕ್ಷ್ಯ ಹೊರನೋಟಕ್ಕಿಂತ ಗಟ್ಟಿ. ವಿಟ್‌ಕಮ್, ಶಪಿರೊ, ಲೀಬರ್‌ಮನ್ 2007ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದಂತೆ, ಬಾಗು ತರುವ ಬೆಣೆಯಾಕಾರ ಹೆಂಗಸರಲ್ಲಿ ಮೂರು ಕಶೇರುಗಳಿಗೆ ಹಂಚಿಕೆಯಾಗಿದೆ, ಗಂಡಸರಲ್ಲಿ ಎರಡಕ್ಕೆ. ಬಸುರಿಯ ಭಾರ ಮುಂದೆ ಸರಿದಾಗ ಹಿಂದಕ್ಕೆ ವಾಲಿ ಸಮತೋಲ ಕಾಯಲು ಇದು ನೆರವಾಗುತ್ತದೆ. ಹಾಗಾದರೆ ಒಟ್ಟು ಕೋನವೊಂದನ್ನೇ ಅಳೆಯುವವರಿಗೆ ನಿಜವಾದ ವ್ಯತ್ಯಾಸ ಕಾಣದೆ ಹೋದೀತು.

ವಯಸ್ಸಾದಂತೆ ಡಿಸ್ಕುಗಳ ಎತ್ತರ ಕುಗ್ಗಿ, ಬೆನ್ನಿನ ಸ್ನಾಯುಗಳು ಸೊರಗಿ, ಬಾಗು ಚಪ್ಪಟೆಯಾಗುತ್ತದೆ. ಮುಟ್ಟು ನಿಂತ ಮೇಲೆ ಮೂಳೆ ಟೊಳ್ಳಾಗಿ ಕಶೇರುವಿನ ಮುಂಭಾಗ ಕುಸಿದರೆ ಬೆನ್ನು ಇನ್ನಷ್ಟು ಮುಂದಕ್ಕೆ ಬೀಳುತ್ತದೆ. ಆದರೆ ಇದೆಲ್ಲ ವಯಸ್ಸಿನದೇ ಫಲವಲ್ಲ. ಜಪಾನಿನ ತಕೆಮಿತ್ಸು ಮತ್ತು ಸಂಗಡಿಗರು 1988ರಲ್ಲಿ ವಿವರಿಸಿದ, ಸೊಂಟದ ಬಾಗೇ ತಿರುವುಮುರುವಾಗುವ ಸ್ಥಿತಿ, ವರ್ಷಾನುಗಟ್ಟಲೆ ಬಗ್ಗಿ ದುಡಿದ ಕೊರಿಯಾದ ರೈತ ಹೆಂಗಸರಲ್ಲೂ ಹೆಚ್ಚಾಗಿ ಕಂಡುಬಂದಿದೆ. ಕಂಪ್ಲಿಯ ನಾಟಿಯೂ ಅದೇ ಬಗೆಯ ದುಡಿಮೆ.

ಆದ್ದರಿಂದ ಇಲ್ಲಿನ ಅಧ್ಯಯನ ಹೊಸಪೇಟೆಯ ಆಸ್ಪತ್ರೆಗಳಿಗೆ ಸೊಂಟನೋವೆಂದು ಬರುವವರಿಗೆ ಸೀಮಿತವಾಗಬಾರದು. ನೋವಿಲ್ಲದವರ ಅಳತೆಯೂ ಬೇಕು. ಅವರಿಗೆ ವಿಕಿರಣದ ಹಂಗಿಲ್ಲದ, ಬೆನ್ನಿನ ಮೇಲಿಟ್ಟರೆ ಬಾಗುವ ಪಟ್ಟಿ ಸಾಕು. ಹೆರಿಗೆಗಳೆಷ್ಟು, ನಾಟಿ ಮಾಡಿದ ವರ್ಷಗಳೆಷ್ಟು ಎಂಬುದು ವಯಸ್ಸಿನ ಜೊತೆಗೇ ದಾಖಲಾಗಬೇಕು. ನನ್ನ ದೃಷ್ಟಿಯಲ್ಲಿ ಮೊದಲು ಆಗಬೇಕಾದ ಹೋಲಿಕೆ ಗಂಡು ಹೆಣ್ಣಿನದಲ್ಲ. ಕಂಪ್ಲಿಯಲ್ಲಿ ನಾಟಿ ಮಾಡುವ ಹೆಂಗಸರನ್ನೂ ಸಂಡೂರಿನಲ್ಲಿ ಕೂತು ಲಂಬಾಣಿ ಕಸೂತಿ ಹಾಕುವ ಅದೇ ವಯಸ್ಸಿನ, ಅಷ್ಟೇ ಹೆರಿಗೆಗಳಾದ ಹೆಂಗಸರನ್ನೂ ಎದುರುಬದುರಿಟ್ಟು ಅಳೆಯಬೇಕು. ಅಲ್ಲಿ ಬಾಗು ಬೇರೆಯಾಗಿ ಕಂಡರೆ ಅದನ್ನು ವಯಸ್ಸಿಗೂ ಲಿಂಗಕ್ಕೂ ಹೊರಿಸಲಾಗದು.