ಹಮ್ಮಿಗಿ-ನರಗುಂದಗಳ ಬಂಡಾಯವೂ ಧರ್ಮನಿರ್ಣಯದ ಒರೆಗಲ್ಲೂ

ಮುಂಡರಗಿ ತಾಲೂಕಿನ ಕೊರ್ಲಹಳ್ಳಿಯು ತುಂಗಭದ್ರೆಯ ಎಡದಡದ ಮೇಲಿರುವ ಗ್ರಾಮ. ಕ್ರಿ. ಶ. ೧೮೫೮ರಲ್ಲಿ ಈ ದಡವು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದಿತು. ಎದುರುದಡದ ಹಡಗಲಿಯ ಸೀಮೆಯು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯದು. ಮೂಡಲ ಕಡೆಯ ಕೊಪ್ಪಳದ ಸೀಮೆಯು ಹೈದರಾಬಾದು ಸಂಸ್ಥಾನದ್ದು. ಮೂರು ಆಡಳಿತಗಳ ಎಲ್ಲೆಗಳು ಹೀಗೆ ಸಮೀಪಿಸಿದ್ದ ನೆಲದಲ್ಲಿ, ಕೊರ್ಲಹಳ್ಳಿಗೆ ನೆರೆಯದಾದ ಹಮ್ಮಿಗಿಯಲ್ಲಿ, ಆ ವರ್ಷದ ಮೇ ತಿಂಗಳಲ್ಲಿ ಬಂಡಾಯವೊಂದು ತಲೆಯೆತ್ತಿತು. ಅಲ್ಲಿ ಕೂಡಿಟ್ಟಿದ್ದ ಆಯುಧಗಳು ಸರಕಾರದವರ ಕಣ್ಣಿಗೆ ಬಿದ್ದು ಕಾವಲಿಗೊಳಗಾಗಲು, ಮುಂಡರಗಿಯ ಭೀಮರಾಯನೂ ಹಮ್ಮಿಗಿಯ ಕೆಂಚನಗೌಡನೂ ಬಹಿರಂಗವಾಗಿ ಕತ್ತಿ ಹಿರಿದರು. ಡಂಬಳದ ಖಜಾನೆಯನ್ನು ಸುಲಿದು ಕೊಪ್ಪಳದ ಕೋಟೆಯನ್ನು ಹಿಡಿದರು. ಜೂನ್ ೧ರಂದು ಆಂಗ್ಲರ ದಂಡಿನೊಡನೆ ಕಾದಿ ಅಲ್ಲಿಯೇ ಮಡಿದರು.

ಅದೇ ದಿನಗಳಲ್ಲಿ ನರಗುಂದದ ಸಂಸ್ಥಾನಿಕನಾದ ಭಾಸ್ಕರರಾವ್ ಭಾವೆಯೂ ಎದ್ದನು. ಬಾಬಾಸಾಹೇಬನೆಂದು ನಾಡೆಲ್ಲ ಅರಿತಿರುವವನು ಇವನೇ. ಮೇ ೨೯ರ ರಾತ್ರಿ ಸುರೇಬಾನದಲ್ಲಿ ಕೆಲವೇ ಸವಾರರೊಡನೆ ತಂಗಿ, ಪಲ್ಲಕ್ಕಿಯಲ್ಲಿ ಮಲಗಿದ್ದ ಪೊಲಿಟಿಕಲ್ ಏಜಂಟ ಮ್ಯಾನ್ಸನ್ನನನ್ನು ನರಗುಂದದವರು ಮುತ್ತಿ ಕೊಂದರು. ಅವನ ತಲೆಯನ್ನು ಕಡಿದು ತಂದು ನರಗುಂದದ ಅಗಸೆಬಾಗಿಲಿಗೆ ತೂಗಹಾಕಿದರು. ಜೂನ್ ತಿಂಗಳ ಮೊದಲಲ್ಲಿಯೇ ನರಗುಂದವು ಆಂಗ್ಲರ ವಶವಾಯಿತು. ಬಾಬಾಸಾಹೇಬನು ಸೆರೆಸಿಕ್ಕಿ ಜೂನ್ ೧೨ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಲ್ಪಟ್ಟನು. ಅವನ ತಾಯಿಯೂ ಪತ್ನಿಯೂ ಮಲಪ್ರಭೆಯಲ್ಲಿ ಮುಳುಗಿ ಪ್ರಾಣಬಿಟ್ಟರು.

ಈ ವೀರರನ್ನು ಸ್ವಾತಂತ್ರ್ಯಸಂಗ್ರಾಮದ ನಾಯಕರೆಂದು ನಾಡು ಗೌರವಿಸುತ್ತ ಬಂದಿದೆ. ಆದರೆ ಹಿಂದಿನ ನಾಯಕರ ನಡತೆಯನ್ನು ಇಂದಿನ ನೀತಿಯಿಂದ ಅಳೆಯುವುದು ಯುಕ್ತವೋ ಅಯುಕ್ತವೋ ಎಂಬ ವಿವಾದವು ಈಚೆಗೆ ಎಲ್ಲೆಡೆಯಲ್ಲಿಯೂ ಬಲಿತಿದೆ. ೨೦೨೦ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಜನರು ಗುಲಾಮರ ವ್ಯಾಪಾರದಲ್ಲಿ ಪಾಲುಗೊಂಡಿದ್ದ ಕೋಲ್ಸ್ಟನ್ನನ ವಿಗ್ರಹವನ್ನು ಕೆಡವಿ ಬಂದರಿನ ನೀರಿಗೆ ನೂಕಿದರು. ಕರ್ಣಾಟಕದಲ್ಲಿ ೨೦೧೫ರಲ್ಲಿ ಸರಕಾರದ ವತಿಯಿಂದ ಆರಂಭವಾದ ಟಿಪ್ಪೂಜಯಂತಿಯು ವಿವಾದಗಳ ನಡುವೆ ೨೦೧೯ರಲ್ಲಿ ರದ್ದಾಯಿತು. ಇಂತಿರಲು ನರಗುಂದದ ಅಗಸೆಬಾಗಿಲಿಗೆ ತೂಗಿದ ಆ ತಲೆಯ ವಿಷಯದಲ್ಲಿ ಚರಿತ್ರಕಾರನು ಏನು ಹೇಳಬೇಕು? ಮೌನವಾಗಿ ದಾಟಿಹೋಗಬೇಕೆ, ಅಥವಾ ಅದೊಂದರಿಂದಲೇ ಆ ಪುರುಷನನ್ನು ತಳ್ಳಿಬಿಡಬೇಕೆ?

ಇಲ್ಲಿ ಎರಡು ಪೂರ್ವಪಕ್ಷಗಳುಂಟು. ಆಯಾ ಕಾಲದವರಿಗೆ ಆಯಾ ಕಾಲದ ನೀತಿಯೇ ಪ್ರಮಾಣವಾದುದರಿಂದ ಹಿಂದಿನವರನ್ನು ದೂಷಿಸಲು ಇಂದಿನವರಿಗೆ ಅಧಿಕಾರವಿಲ್ಲವೆಂಬುದು ಮೊದಲನೆಯದು. ಧರ್ಮವು ಸರ್ವಕಾಲಕ್ಕೂ ಒಂದೇ ಆದುದರಿಂದ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕೆಂಬುದು ಎರಡನೆಯದು. ಇವೆರಡೂ ಅರ್ಧಸತ್ಯಗಳು. ಈ ತೊಡಕನ್ನು ನಮ್ಮ ಪ್ರಾಚೀನರು ಕಂಡಿದ್ದರು, ಬಿಡಿಸಿಯೂ ಇದ್ದರು. ನಿಯೋಗವೇ ಮೊದಲಾದ ಪೂರ್ವಯುಗದ ಕೆಲವು ಆಚಾರಗಳನ್ನು ನಿಬಂಧಕಾರರು ಕಲಿವರ್ಜ್ಯವೆಂದು ನಿಷೇಧಿಸಿದರು. ಆದರೆ ಅವುಗಳನ್ನು ಆಚರಿಸಿದ ಪೂರ್ವಿಕರನ್ನು ಪತಿತರೆನ್ನಲಿಲ್ಲ. ಗೌತಮ, ಆಪಸ್ತಂಬ ಧರ್ಮಸೂತ್ರಗಳು ಮಹಾಪುರುಷರಲ್ಲಿಯೂ ಧರ್ಮದ ಉಲ್ಲಂಘನೆ ಕಂಡುಬರುವುದೆಂದು ಒಪ್ಪಿಕೊಂಡು, ಅದು ಈಚಿನವರಿಗೆ ಮೇಲ್ಪಂಕ್ತಿಯಾಗದೆಂದು ವಿಧಿಸಿವೆ. ಕುಮಾರಿಲಭಟ್ಟನು ತಂತ್ರವಾರ್ತಿಕದಲ್ಲಿ ಇಂದ್ರ, ವಸಿಷ್ಠ, ಅರ್ಜುನ ಮೊದಲಾದವರ ನಡತೆಯ ಮೇಲಣ ಆಕ್ಷೇಪಗಳನ್ನು ಒಂದೊಂದಾಗಿ ಎತ್ತಿಕೊಂಡು ವಿಚಾರಮಾಡಿರುವನು. ಪೂಜ್ಯರಾದವರ ವಿಷಯದಲ್ಲಿ ಪ್ರಶ್ನೆಯನ್ನೇ ಕೇಳಬಾರದೆಂಬುದು ಅವನ ಮತವಲ್ಲ. ಆದುದರಿಂದ ಗೌರವವು ಬೇರೆ, ಅನುಕರಣವು ಬೇರೆ ಎಂಬ ವಿವೇಕವು ಈ ನಾಡಿಗೆ ಹೊಸದಲ್ಲ.

ಈ ವಿವೇಕದಿಂದ ನೋಡಿದರೆ ಮೊದಲು ಕೇಳಬೇಕಾದ ಪ್ರಶ್ನೆಯು 'ನಮ್ಮ ನೀತಿಗೆ ಇದು ಒಪ್ಪುವುದೇ?' ಎಂಬುದಲ್ಲ, 'ಆ ಪುರುಷನು ತಾನೇ ಪ್ರಮಾಣವೆಂದು ಒಪ್ಪಿದ್ದ ನೀತಿಗೆ ಇದು ಒಪ್ಪುವುದೇ?' ಎಂಬುದು. ಮಲಗಿದವನನ್ನು ಕೊಲ್ಲಬಾರದೆಂಬುದು ಇಂದಿನವರು ಹೊಸದಾಗಿ ಕಂಡುಕೊಂಡ ನಿಯಮವಲ್ಲ. ನಿದ್ರಿಸುತ್ತಿರುವವನನ್ನೂ ಆಯುಧವಿಲ್ಲದವನನ್ನೂ ಹೊಡೆಯಲಾಗದೆಂದು ಮನುಸ್ಮೃತಿಯ ಏಳನೆಯ ಅಧ್ಯಾಯದ ರಾಜಧರ್ಮವು ಸಾರಿದೆ. ಮಹಾಭಾರತದ ಸೌಪ್ತಿಕಪರ್ವವಂತೂ ಈ ಒಂದು ಪಾಪದ ಮೇಲೆಯೇ ನಿಂತಿರುವುದು. ಅಶ್ವತ್ಥಾಮನು ಪಾಂಡವರ ಶಿಬಿರವನ್ನು ರಾತ್ರಿ ಹೊಗಲೆಳಸಿದಾಗ, ಮಲಗಿದವರ ವಧೆಯು ಧರ್ಮವಲ್ಲವೆಂದು ಕೃಪನು ತಡೆಯುವನು. ಧರ್ಮದ ಕಟ್ಟೆಯನ್ನು ಶತ್ರುಗಳೇ ಮೊದಲು ಒಡೆದಿರುವರು, ಭೀಷ್ಮ ದ್ರೋಣ ಕರ್ಣರನ್ನು ಅವರು ಕೊಂದ ಬಗೆಯೇನು, ಎಂಬುದು ಅಶ್ವತ್ಥಾಮನ ಉತ್ತರ. ಅವನ ಆಕ್ಷೇಪವು ಸುಳ್ಳಲ್ಲ. ಆದರೂ ವ್ಯಾಸಮುನಿಯು ಅವನ ಕೃತ್ಯವನ್ನು ಕ್ಷಮಿಸಲಿಲ್ಲ. ಬಾಬಾಸಾಹೇಬನು ಸಂಸ್ಕೃತ ಗ್ರಂಥಗಳ ದೊಡ್ಡ ಸಂಗ್ರಹವನ್ನು ಹೊಂದಿದ್ದ ವಿದ್ಯಾಪಕ್ಷಪಾತಿ. ಅವನಿಗೆ ಈ ಪ್ರಸಂಗವು ಅಪರಿಚಿತವಾಗಿದ್ದಿತೆಂದು ಹೇಳಲಾಗದು. ಹೀಗಾಗಿ ಸುರೇಬಾನದ ರಾತ್ರಿಯ ಕೃತ್ಯವು ಅವನ ಕಾಲದ ಒರೆಗಲ್ಲಿನ ಮೇಲೆಯೇ ಕರಿಗೆರೆಯನ್ನು ಬಿಡುವುದು. ಅದಕ್ಕೆ ಇಂದಿನ ಒರೆಗಲ್ಲು ಬೇಕಾಗಿಲ್ಲ.

ಅದೇ ಒರೆಗಲ್ಲಿನ ಮೇಲೆ ಎದುರುಪಕ್ಷವನ್ನೂ ಉಜ್ಜಿ ನೋಡಬೇಕಾದುದು ನ್ಯಾಯ. ಪುತ್ರಸಂತಾನವಿಲ್ಲದ ಬಾಬಾಸಾಹೇಬನು ದತ್ತಕಕ್ಕೆ ಅನುಮತಿ ಬೇಡಿದನು. ಕಂಪೆನಿ ಸರಕಾರವು ನಿರಾಕರಿಸಿತು. ದತ್ತಪುತ್ರನು ಪುತ್ರನೇ ಎಂಬುದು ಧರ್ಮಶಾಸ್ತ್ರದ ಸಿದ್ಧಾಂತ. ಕಲ್ಯಾಣದಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ಆಳಿಕೆಯಲ್ಲಿ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರೆಯನ್ನು ಕಂಪೆನಿಯ ನ್ಯಾಯಾಲಯಗಳೇ ಪ್ರಜೆಗಳ ದಾಯಭಾಗದಲ್ಲಿ ಪ್ರಮಾಣವಾಗಿ ಹಿಡಿದಿದ್ದುವು. ಪ್ರಜೆಯ ಹೊಲಕ್ಕೆ ಸಲ್ಲುವ ದತ್ತಕವು ಅರಸನ ರಾಜ್ಯಕ್ಕೆ ಸಲ್ಲದೆಂದು ಹೇಳಿ ೧೮೪೮ರಲ್ಲಿ ಸಾತಾರೆಯನ್ನೂ, ೧೮೫೪ರಲ್ಲಿ ಝಾಂಸಿ ನಾಗಪುರಗಳನ್ನೂ ಸೆಳೆದುಕೊಂಡವರು, ೧೮೬೨ರಲ್ಲಿ ದತ್ತಕದ ಸನದುಗಳನ್ನು ತಾವಾಗಿಯೇ ಸಂಸ್ಥಾನಿಕರಿಗೆ ಕೊಟ್ಟರು. ತಮ್ಮ ಹಿಂದಿನ ನೀತಿಯ ದೋಷವನ್ನು ಅವರ ನಡತೆಯೇ ಒಪ್ಪಿಕೊಂಡಂತಾಯಿತು. ಇನಾಮುಗಳನ್ನು ತನಿಖೆಮಾಡಿ ಕಳೆಯುತ್ತಿದ್ದ ಕಮಿಶನ್ನಿನಲ್ಲಿ ಮ್ಯಾನ್ಸನ್ನನು ಕೆಲಸಮಾಡಿದ್ದನೆಂಬುದೂ, ೧೮೫೭ರ ಆಯುಧನಿಷೇಧದಿಂದ ಮನೆಮನೆಯ ಕತ್ತಿ ಬಂದೂಕುಗಳು ಕಸಿಯಲ್ಪಟ್ಟುವೆಂಬುದೂ ಆ ರಾತ್ರಿಯ ಕ್ರೋಧದ ಕಾರಣಗಳು. ಆದರೆ ಕಾರಣವನ್ನು ತಿಳಿಸುವುದು ಬೇರೆ, ಸಮರ್ಥಿಸುವುದು ಬೇರೆ. ಅಶ್ವತ್ಥಾಮನಿಗೂ ಕಾರಣವಿದ್ದಿತು.

ಇಂದಿನ ಅಳತೆಯಿಂದ ನಿಂದಿಸುವುದು ಎಷ್ಟು ದೋಷವೋ, ಇಂದಿನ ಅಳತೆಯಿಂದ ಹೊಗಳುವುದೂ ಅಷ್ಟೇ ದೋಷ. ಮೊದಲನೆಯದನ್ನು ಹಲವರು ಬಲ್ಲರು. ಎರಡನೆಯದನ್ನು ಬಲ್ಲವರು ವಿರಳ. ನರಗುಂದದ ಅರಸನೂ ಹಮ್ಮಿಗಿಯ ಗೌಡನೂ ಪ್ರಜಾಪ್ರಭುತ್ವಕ್ಕಾಗಿ ಕಾದಿದರೆಂದು ಬರೆಯುವುದು ಚರಿತ್ರವಲ್ಲ. ಅವರು ಕಾದಿದುದು ಸಂಸ್ಥಾನಕ್ಕಾಗಿ, ವತನಕ್ಕಾಗಿ, ಆಯುಧಕ್ಕಾಗಿ, ಮಾನಕ್ಕಾಗಿ. ೧೮೫೭ರ ನವೆಂಬರದಲ್ಲಿ ಹಲಗಲಿಯ ಬೇಡರು ಎದ್ದುದೂ ಆಯುಧದ ಕಾರಣದಿಂದಲೇ; ಫ್ಲೀಟನು ಸಂಗ್ರಹಿಸಿ ಪ್ರಕಟಿಸಿದ ಲಾವಣಿಯು ಅದಕ್ಕೆ ಸಾಕ್ಷಿ. ಅವರ ಮಾನವನ್ನು ಅವರ ಹೆಸರಿನಿಂದಲೇ ಕರೆದರೆ ಅವರಿಗೆ ಕುಂದಿಲ್ಲ. ನಮ್ಮ ಆದರ್ಶಗಳನ್ನು ಅವರ ಬಾಯಲ್ಲಿ ತುರುಕಿದರೆ ಸತ್ಯಕ್ಕೆ ಕುಂದು.

ಇನ್ನು ಒಂದೇ ಕೋಟೆಯ ಎರಡು ಕಾಲದ ಕಥೆಗಳನ್ನು ಹೋಲಿಸಿದರೆ ಪಕ್ಷಪಾತವು ಬಯಲಾಗುವುದು. ೧೭೮೫ರಲ್ಲಿ ಟಿಪ್ಪೂಸುಲ್ತಾನನ ಸೈನ್ಯವು ನರಗುಂದವನ್ನು ಹಿಡಿದಾಗ, ಮಾತುಕೊಟ್ಟು ಕೋಟೆಯನ್ನು ಬಿಡಿಸಿಕೊಂಡು, ಅನಂತರ ಮಾತಿಗೆ ತಪ್ಪಿ ವೆಂಕಟರಾವ್ ಭಾವೆಯನ್ನು ಸೆರೆಯಲ್ಲಿಟ್ಟರೆಂದು ಗ್ರಾಂಟ್ ಡಫ್ ಮೊದಲಾದವರು ಬರೆದಿರುವರು. ವಚನಭಂಗವು ಅಂದಿನ ನೀತಿಯಲ್ಲಿಯೂ ದೋಷವೇ. ೧೭೮೫ರ ಕೃತ್ಯವನ್ನು ಖಂಡಿಸಿ ೧೮೫೮ರ ಕೃತ್ಯವನ್ನು ಮರೆಮಾಚುವವನಾಗಲಿ, ಇದನ್ನು ಖಂಡಿಸಿ ಅದನ್ನು ಮರೆಮಾಚುವವನಾಗಲಿ, ಧರ್ಮವನ್ನು ನೋಡುತ್ತಿಲ್ಲ, ತನ್ನವರನ್ನು ನೋಡುತ್ತಿರುವನು. ಈ ಎರಡು ವೃತ್ತಾಂತಗಳೂ ಬಹುಮಟ್ಟಿಗೆ ಗೆದ್ದವರ ಲೇಖನಿಯಿಂದ ಬಂದಿರುವುವೆಂಬುದನ್ನೂ ಮರೆಯಲಾಗದು. ೧೮೮೪ರ ಧಾರವಾಡ ಗೆಜೆಟಿಯರು ಆಂಗ್ಲ ಸರಕಾರದ ಗ್ರಂಥ. ಆಪ್ತವಾಕ್ಯವೇ ಶಬ್ದಪ್ರಮಾಣವೆಂದು ನೈಯಾಯಿಕರು ಹೇಳುವರು. ಶತ್ರುವಿನ ವಾಕ್ಯವನ್ನು ತಳ್ಳಲೂ ಬೇಕಿಲ್ಲ, ಪರೀಕ್ಷಿಸದೆ ಕೊಳ್ಳಲೂ ಬಾರದು.

ಹಾಗಾದರೆ ಇಂದಿನ ನೀತಿಗೆ ಚರಿತ್ರದಲ್ಲಿ ಸ್ಥಾನವೇ ಇಲ್ಲವೇ? ಉಂಟು. ಜನ್ಮದ ಮೇಲುಕೀಳು, ಹೆಣ್ಣಿನ ಪರಾಧೀನತೆ ಮುಂತಾದ ವ್ಯವಸ್ಥೆಗಳು ಅಂದು ಬಹುಜನಕ್ಕೆ ಸಹಜವೆಂದು ತೋರಿದ್ದುವು. ಅವುಗಳನ್ನು ಇಂದು ಅನ್ಯಾಯವೆನ್ನುವುದು ಸರಿಯಾದುದೇ. ಆದರೆ ಆ ನಿರ್ಣಯವು ವ್ಯವಸ್ಥೆಗೆ ಸಲ್ಲುವುದು. ಅದರೊಳಗೆ ಹುಟ್ಟಿ ಬೆಳೆದ ವ್ಯಕ್ತಿಯ ಮೇಲೆ ಅಷ್ಟೇ ಭಾರವಾಗಿ ಬೀಳಲಾರದು. ಇಲ್ಲಿಯೂ ಒಂದು ಎಚ್ಚರಿಕೆ ಬೇಕು. ಹುಟ್ಟಿನ ಹೆಚ್ಚು ಕಡಮೆಗಳನ್ನು ಅಲ್ಲಗಳೆದ ಮಾತು ಹನ್ನೆರಡನೆಯ ಶತಮಾನದಲ್ಲಿಯೇ ಶರಣರ ವಚನಗಳಲ್ಲಿ ಕೇಳಿಬಂದಿತ್ತು. 'ಆ ಕಾಲದವರಿಗೆ ಅದು ತಿಳಿಯದು' ಎಂಬ ಸಮಾಧಾನವನ್ನು ಹೇಳುವ ಮುನ್ನ, ಆ ಕಾಲದಲ್ಲಿ ಅದನ್ನು ಹೇಳಿದವರು ನಿಜವಾಗಿಯೂ ಇರಲಿಲ್ಲವೇ ಎಂದು ಹುಡುಕಿ ನೋಡಬೇಕು.

ಆದುದರಿಂದ ಈ ಬಂಡಾಯದ ಚರಿತ್ರವನ್ನು ಬರೆಯುವವರೂ ಕಲಿಸುವವರೂ ಮೂರು ವಾಕ್ಯಗಳನ್ನು ಒಟ್ಟಿಗೆ ಹೇಳಲು ಅಂಜಬಾರದು. ಬಾಬಾಸಾಹೇಬನಿಗೂ ಭೀಮರಾಯ ಕೆಂಚನಗೌಡರಿಗೂ ಆದ ಅನ್ಯಾಯವು ನಿಜ. ಪ್ರಾಣವನ್ನು ಪಣವಾಗಿಟ್ಟ ಅವರ ಧೈರ್ಯವು ನಿಜ. ಸುರೇಬಾನದ ರಾತ್ರಿಯ ವಧೆಯು ಅಧರ್ಮವಾದುದೂ ನಿಜ. ಇವುಗಳಲ್ಲಿ ಒಂದನ್ನು ಉಳಿಸಲು ಇನ್ನೊಂದನ್ನು ಅಳಿಸಿದರೆ ಉಳಿಯುವುದು ಸ್ತುತಿ ಇಲ್ಲವೆ ನಿಂದೆ, ಚರಿತ್ರವಲ್ಲ. ಮಹಾಭಾರತವು ಅಶ್ವತ್ಥಾಮನನ್ನು ಕಥೆಯಿಂದ ತೆಗೆದುಹಾಕಲಿಲ್ಲ, ಅವನ ಶೌರ್ಯವನ್ನು ಅಲ್ಲಗಳೆಯಲಿಲ್ಲ, ಅವನ ಕೃತ್ಯವನ್ನು ಮುಚ್ಚಿಡಲೂ ಇಲ್ಲ. ಅಷ್ಟು ಮಾಡಿದರೆ ಹಮ್ಮಿಗಿ-ನರಗುಂದಗಳ ಚರಿತ್ರಕಾರನೂ ತನ್ನ ಋಣವನ್ನು ತೀರಿಸಿದಂತಾಗುವುದು.